ಓದಿಸಿ ಕೇಳೋದು ಬೇರೆ, ಓದೋದು ಬೇರೆ

(ದಾವಣಗೆರೆಯಿಂದ ಬಂದ ಪತ್ರದ ಸಾರ: "ನಮ್ಮಮ್ಮ ಅಕ್ಷರ ಕಲೀಲಿಲ್ಲ, ಆದ್ರೂ ಗಟ್ಟಿಯಾಗಿ ಸಂಸಾರ ಮಾಡಿದ್ರು. ಈಗ ಮೊಬೈಲೇ ಎಲ್ಲಾ ಓದಿ ಹೇಳುತ್ತೆ. ಓದಿದವರೇ ವಾಟ್ಸಾಪಲ್ಲಿ ಸುಳ್ಳು ಹಂಚ್ತಾರೆ. ಅಕ್ಷರ ಕಲಿತ್ರೆ ಬಿಡುಗಡೆ ಅನ್ನೋ ನಿಮ್ಮ ಹಳೇ ರಾಗ ಇನ್ನೂ ಯಾಕೆ?")

ಪತ್ರ ಚೆನ್ನಾಗಿದೆ ಸ್ವಾಮಿ, ಕೈಬರಹ ಅದಕ್ಕಿಂತ ಚೆನ್ನಾಗಿದೆ. ಬರೆಯೋಕೆ ಬಂದಿದ್ದಕ್ಕೆ ತಾನೇ ನನ್ನನ್ನ ಇಷ್ಟು ಮುದ್ದಾಗಿ ಬೈಯೋಕಾಯ್ತು, ಅದಿರಲಿ.

ಒಪ್ಕೋತೀನಿ, ಮಾದಪ್ಪನ ಕಥೆ ರಾತ್ರಿಯಿಡೀ ಹಾಡೋ ಕಂಸಾಳೆಯವರಲ್ಲಿ ಎಷ್ಟೋ ಜನ ಶಾಲೆ ಮೆಟ್ಟಿಲು ಹತ್ತಿದವರಲ್ಲ, ಅವರ ಮುಂದೆ ನಮ್ಮ ಎಂಎ ಸರ್ಟಿಫಿಕೇಟು ಯಾವ ಲೆಕ್ಕ. ಆಯ್ತಾ? ಈಗ ನನ್ನ ಮಾತು ಕೇಳಿ.

ಬಂಗಾಳದಲ್ಲಿ ರಾಸಸುಂದರಿ ದೇವಿ ಅಂತ ಒಬ್ಬರಿದ್ರು. ಹನ್ನೆರಡಕ್ಕೇ ಮದುವೆ, ಆಮೇಲೆ ಮನೆತುಂಬ ಮಕ್ಕಳು, ದಿನವಿಡೀ ಒಲೆ ಮುಂದೆ. ಹೆಂಗಸು ಓದಿದ್ರೆ ಕೇಡು ಅನ್ನೋ ಕಾಲ. ಈಯಮ್ಮ ಚೈತನ್ಯ ಭಾಗವತ ಅನ್ನೋ ಭಕ್ತಿಗ್ರಂಥದ ಒಂದು ಹಾಳೆ ಕಿತ್ತು ಅಡುಗೆಮನೇಲಿ ಬಚ್ಚಿಟ್ಟು, ಮಗ ಅಕ್ಷರ ತಿದ್ದಿದ್ದ ತಾಳೆಗರಿ ಪಕ್ಕಕ್ಕಿಟ್ಟು, ಸೆರಗಿನ ಮರೇಲಿ ಒಂದೊಂದೇ ಅಕ್ಷರ ಹೋಲಿಸಿ ಹೋಲಿಸಿ ಕಲಿತ್ರು. ಬರೆಯೋದು ಕಲಿತದ್ದು ಬಹಳ ವರ್ಷ ಆದ್ಮೇಲೆ, ದೂರದಲ್ಲಿದ್ದ ಮಗ ಕಾಗದಕ್ಕೆ ಉತ್ತರ ಬರೀ ಅಂತ ಕಾಡಿದಾಗ. ಆ ಕೈಯೇ ಮುಂದೆ ಬಂಗಾಳಿಯ ಮೊದಲ ಆತ್ಮಕಥೆ ಬರೆದದ್ದು.

ಅಮೆರಿಕದ ಫ್ರೆಡೆರಿಕ್ ಡಗ್ಲಾಸ್ ಬಾಲ್ಟಿಮೋರಲ್ಲಿ ಗುಲಾಮ ಹುಡುಗ. ಯಜಮಾನಿ ಎಬಿಸಿ ಹೇಳಿಕೊಡ್ತಿದ್ರೆ ಯಜಮಾನ ತಡೆದ, ಕಲಿತ್ರೆ ಇವನು ಕೈಗೆ ಸಿಗಲ್ಲ ಅಂತ. ಹುಡುಗ ಅದನ್ನೇ ಪಾಠ ಮಾಡ್ಕೊಂಡ! ಬೀದಿ ಹುಡುಗರಿಗೆ ಬ್ರೆಡ್ ಕೊಟ್ಟು ಅಕ್ಷರ ತಗೊಂಡ. ಓದೋಕೆ ಬಂದ್ಮೇಲೆ ಸುಖ ಸಿಕ್ತಾ? ಇಲ್ಲ. ತನ್ನ ಸ್ಥಿತಿ ಕಣ್ಣಿಗೆ ಕಾಣ್ತು, ದಾರಿ ಕಾಣ್ಲಿಲ್ಲ, ಕೆಲವೊಮ್ಮೆ ಓದು ಶಾಪ ಅನ್ನಿಸ್ತು ಅಂತ 1845ರ ಆತ್ಮಕಥೇಲಿ ಅವನೇ ಬರ್ದಿದಾನೆ. ನಾನು ಬಿಡುಗಡೆ ಅನ್ನೋದು ಆ ಸಂಕಟಾನೂ ಸೇರಿಸಿಯೇ ಸ್ವಾಮಿ, ನೆಮ್ಮದಿ ಅಂತ ನಾನೆಲ್ಲಿ ಹೇಳ್ದೆ?

ಮೊಬೈಲ್ ಓದಿ ಹೇಳುತ್ತೆ ಅಂದ್ರಲ್ಲ, ಹಿಂದೆ ಆ ಮೊಬೈಲ್ ನಾನೇ ಆಗಿದ್ದೆ. ಪಕ್ಕದ್ಮನೆ ಅಜ್ಜಿಗೆ ಬೊಂಬಾಯಿಯ ಕಿರಿ ಮಗನಿಂದ ಇನ್‌ಲ್ಯಾಂಡ್ ಲೆಟರ್ ಬರೋದು, ಓದೋನು ಆರನೇ ಕ್ಲಾಸಿನ ನಾನು, ಕೂಲಿ ಒಂದು ಚೂರು ಕೊಬ್ಬರಿ ಬೆಲ್ಲ. ಒಂದ್ಸಲ "ಅಮ್ಮನ ಕಣ್ಣು ತೋರ್ಸೋಕೆ ಐವತ್ತು ರೂಪಾಯಿ ಅಣ್ಣನ ಹೆಸರಿಗೆ ಮನಿ ಆರ್ಡರ್ ಮಾಡಿದೀನಿ" ಅಂತಿತ್ತು. ಹಿರಿ ಮಗ ಕಣ್ಸನ್ನೆ ಮಾಡ್ದ, ಆ ಸಾಲು ಹಾರಿಸ್ದೆ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂದು ಅಜ್ಜಿ ಲಾಟೀನು ಹಿಡ್ಕೊಂಡು ರಾತ್ರಿ ಶಾಲೆಗೆ ಹೋದ್ಲು. ನಾನು ರಜೆಗೆ ಊರಿಗೆ ಹೋದಾಗ ಟ್ರಂಕಿನಿಂದ ಹಳೇ ಕಾಗದ ತೆಗ್ದು ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಓದ್ಲಿಲ್ವಲ್ಲೋ ಮಗ" ಅಂದ್ಲು. ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.

ಇನ್ನು ವಾಟ್ಸಾಪ್ ಸುಳ್ಳು. ಅದು ಓದದೇ ಫಾರ್ವರ್ಡ್ ಮಾಡೋರ ಕಾಯಿಲೆ, ಅಕ್ಷರದ ಮೇಲೆ ಯಾಕೆ ಹಾಕ್ತೀರಿ. ಆ ಅಕ್ಷರವಾದ್ರೂ ಎಲ್ಲರಿಗೂ ಸಿಕ್ಕಿದ್ಯಾ? 2011ರ ಜನಗಣತೀಲಿ ಕರ್ನಾಟಕದ ಸಾಕ್ಷರತೆ ಶೇ. 75.36, ಹೆಂಗಸರದ್ದು 68.08, ಯಾದಗಿರಿ ಜಿಲ್ಲೆ ಐವತ್ತೆರಡೂ ಮುಟ್ಟಿರಲಿಲ್ಲ. ಕಲಿತವರಿಗಾದ್ರೂ ಓದೋಕೇನಿದೆ? 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆ ನೀವೂ ನಾನೂ ಗ್ರಂಥಾಲಯ ಸೆಸ್ ಕಟ್ತಾನೇ ಇದೀವಿ, ಆದ್ರೆ ನಮ್ಮ ಬಡಾವಣೆ ಲೈಬ್ರರೀಲಿ ಫ್ಯಾನೂ ತಿರುಗಲ್ಲ, ಹೊಸ ಪುಸ್ತಕ ನೋಡಿ ಯಾವ ಕಾಲ ಆಯ್ತೋ. ಇದರ ಬಗ್ಗೆ ಒಂದು ಖಾರವಾದ ಪತ್ರ ಬರೀರಿ, ಮುಖಪುಟದಲ್ಲೇ ಹಾಕ್ತೀನಿ.

ಅಮ್ಮನಿಗೆ ನನ್ನ ನಮಸ್ಕಾರ. ಈ ಉತ್ತರಾನ ಅವರಿಗೆ ನೀವೇ ತಾನೇ ಓದಿ ಹೇಳೋದು? ಸಾಲು ಹಾರಿಸ್ಬೇಡಿ.

- ಸಂ.