ಆ ಹುಡುಗನ ಮನೆಗೇ ಕಳುಹಿಸಿ

ಪತ್ರ: ನಿವೃತ್ತಿಯ ನಂತರ ಮಗ ನಮ್ಮಿಬ್ಬರನ್ನು ಸಿಂಗಪುರದಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಏಳು ರಾತ್ರಿಯ ಪ್ರವಾಸಕ್ಕೆ ಕಳುಹಿಸಿದ್ದ. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಹುಡುಗ ಫಿಲಿಪ್ಪೀನ್ಸಿನ ಸಮಾರ್ ದ್ವೀಪದವನು. ನಾವು ಹಡಗಿನಲ್ಲಿದ್ದಾಗಲೇ ಅವನ ಊರಿಗೆ ಚಂಡಮಾರುತ ಬಡಿದು ಮನೆಯ ಸೂರು ಹಾರಿಹೋಯಿತು. ಮರುದಿನವೂ ಅವನು ಎಂದಿನಂತೆ ಟವೆಲನ್ನು ಆನೆಯಾಗಿ ಮಡಚಿ ಹಾಸಿಗೆಯ ಮೇಲಿಟ್ಟು ಹೋಗಿದ್ದ. ಅವನ ವಿಳಾಸದ ಚೀಟಿ ನನ್ನ ಬಳಿ ಇದೆ. 25,000 ರೂಪಾಯಿ ಎತ್ತಿಟ್ಟಿದ್ದೇನೆ. ದೊಡ್ಡ ಪರಿಹಾರ ಸಂಸ್ಥೆಗೆ ಕೊಟ್ಟರೆ ಲೆಕ್ಕವೂ ಇರುತ್ತದೆ, ತೆರಿಗೆ ವಿನಾಯಿತಿಯ 80ಜಿ ರಸೀದಿಯೂ ಸಿಗುತ್ತದೆ ಎನ್ನುತ್ತಾನೆ ಮಗ. ಡಾಲರಿನಲ್ಲಿ ದುಡಿಯುವವರಿಗೆ ನಮ್ಮ ಪಿಂಚಣಿಯ ಹಣವೇಕೆ, ಮನೆಗೆ ಮಾರಿ ಊರಿಗೆ ಉಪಕಾರಿ ಆಗಬೇಡಿ ಎನ್ನುತ್ತಾಳೆ ಹೆಂಡತಿ. ನೀವೇನು ಹೇಳುತ್ತೀರಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಾನ್ಯರೇ, ಹಣ ಆ ಹುಡುಗನ ಮನೆಗೇ ಹೋಗಲಿ. ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ಈ ವಿಷಯ ಬಂದಾಗ ಇಷ್ಟಕ್ಕೇ ನಿಲ್ಲಿಸುವ ಸಂಯಮ ನನಗಿಲ್ಲವೆಂಬುದು ಈ ಪತ್ರಿಕೆಯ ಹಳೆಯ ಓದುಗರಿಗೆ ಗೊತ್ತೇ ಇದೆ. ನೀವೂ ಸ್ವಲ್ಪ ಸಹಿಸಿಕೊಳ್ಳಬೇಕು.

ನಿಮ್ಮ ಮಗನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕುಸಿದ ಸೇತುವೆಯನ್ನು ಎಬ್ಬಿಸುವುದು, ಊರಿಗೆಲ್ಲ ಕುಡಿಯುವ ನೀರು ಒದಗಿಸುವುದು, ಹೆಣಗಳನ್ನು ಗುರುತಿಸಿ ಸಂಸ್ಕಾರ ಮಾಡಿಸುವುದು ಒಬ್ಬ ಪಿಂಚಣಿದಾರನ ಕೈಯಲ್ಲಾಗುವ ಕೆಲಸವಲ್ಲ. ಅದಕ್ಕೆ ದೊಡ್ಡ ಸಂಸ್ಥೆಗಳೇ ಬೇಕು. ಹಡಗಿನಲ್ಲಿ ಯಾರೂ ಇಲ್ಲದ ಪಕ್ಕದ ಮನೆಯವನಿಗೆ ನಿಮ್ಮ ಹಣ ತಲುಪುವುದಿಲ್ಲ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಒಪ್ಪಿದೆ. ಆದರೆ 80ಜಿ ರಸೀದಿಯ ಮಾತನ್ನು ಮಾತ್ರ ಅವರು ಇಲ್ಲಿ ತರಬಾರದಿತ್ತು. ಆ ವಿನಾಯಿತಿ ನಮ್ಮ ದೇಶದಲ್ಲಿ ಮಾನ್ಯತೆ ಪಡೆದ ನಿಧಿ ಮತ್ತು ಸಂಸ್ಥೆಗಳಿಗೆ ಕೊಟ್ಟ ಹಣಕ್ಕೆ ಸಿಗುವಂಥದ್ದು, ವ್ಯಕ್ತಿಗೆ ಕೊಟ್ಟದ್ದಕ್ಕಲ್ಲ. ಸೂರು ಹಾರಿಹೋದ ಮನೆಯ ಎದುರು ನಿಂತು ತೆರಿಗೆಯಲ್ಲಿ ಎಷ್ಟು ಉಳಿಯುತ್ತದೆಂದು ಎಣಿಸುವುದು ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವರಿಗೂ ಶೋಭಿಸುವುದಿಲ್ಲ. (ನೀವು ಬ್ಯಾಂಕಿನವರೆಂಬುದು ನನ್ನ ಊಹೆ. ಪತ್ರದ ಮಾರ್ಜಿನ್ ಅಷ್ಟು ನೇರವಾಗಿದೆ.)

ನಿಮ್ಮ ಮನೆಯವರ ಮಾತಿಗೆ ಹೆಚ್ಚು ಹೊತ್ತು ಬೇಕು, ಏಕೆಂದರೆ ಅದು ಅವರೊಬ್ಬರ ಮಾತಲ್ಲ. ಉಳ್ಳಾಲದಿಂದ ಕುಂದಾಪುರದವರೆಗೆ, ಗೋವೆಯ ವಾಸ್ಕೋದಿಂದ ಮುಂಬಯಿಯ ಕಲೀನಾದವರೆಗೆ, ಹಡಗಿಗೆ ಹೋದವನ ಮನೆಯವರನ್ನು ಕಂಡರೆ ಜನ ಆಡಿಕೊಳ್ಳುವುದು ಇದನ್ನೇ: ‘ಅವರಿಗೇನು ಬಿಡಿ, ಡಾಲರ್ ಬರುತ್ತದೆ.’ ದೂರದ ಬೆಟ್ಟ ನುಣ್ಣಗೆ. ಫಿಲಿಪ್ಪೀನ್ಸಿನ ನಿಯಮದಂತೆ ಅಲ್ಲಿನ ನಾವಿಕ ತನ್ನ ಮೂಲ ವೇತನದ ಕನಿಷ್ಠ ಶೇ. 80ರಷ್ಟನ್ನು ತಿಂಗಳು ತಿಂಗಳೂ ಮನೆಗೆ ಕಳುಹಿಸಲೇಬೇಕು. ಅದು ಅವನ ಇಷ್ಟಕ್ಕೆ ಬಿಟ್ಟದ್ದಲ್ಲ, ಒಪ್ಪಂದದಲ್ಲೇ ಬರೆದಿರುತ್ತದೆ. ಅಂದರೆ ನಿಮ್ಮ ಕೋಣೆಯ ಹುಡುಗನ ಜೇಬಿನಲ್ಲಿ ಉಳಿಯುವುದು ಮುಖ್ಯವಾಗಿ ಪ್ರಯಾಣಿಕರ ಬಿಲ್ಲಿಗೆ ತಲೆಗೆ ಇಷ್ಟೆಂದು ಸೇರಿಸುವ ಟಿಪ್ಸಿನ ಪಾಲು. ಮನೆಗೆ ಹೋದ ಹಣ ಆಗಲೇ ತಂಗಿಯ ಓದಿಗೆ, ಕೆಲಸ ಹಿಡಿಯಲು ಮಾಡಿದ ಸಾಲಕ್ಕೆ, ಅಪ್ಪನ ಔಷಧಿಗೆ ಹಂಚಿಹೋಗಿರುತ್ತದೆ. ಸೂರು ಹಾರಿತೆಂದು ಅದು ಹೆಚ್ಚುವುದಿಲ್ಲ. ಅವನು ಊರಿಗೆ ಓಡಿಹೋಗಬಹುದಲ್ಲ ಎಂದರೆ, ಹೋಗಬಹುದು: 2006ರ ಕಡಲ ಕಾರ್ಮಿಕ ಒಡಂಬಡಿಕೆ, ನಮ್ಮ ದೇಶ 2015ರಲ್ಲಿ ಅದನ್ನು ಒಪ್ಪಿಕೊಂಡಿತು, ಮನೆಯ ತುರ್ತು ಕಾರಣಕ್ಕೆ ಕಡಿಮೆ ಅವಧಿಯ ನೋಟಿಸು ಕೊಟ್ಟು ದಂಡವಿಲ್ಲದೆ ಕೆಲಸ ಬಿಡಲು ಅವಕಾಶ ಕೊಟ್ಟಿದೆ. ಆದರೆ ಇಳಿದ ದಿನವೇ ಸಂಬಳ ನಿಲ್ಲುತ್ತದೆ, ಮತ್ತೆ ಹಡಗು ಸಿಗುವುದು ಯಾವಾಗಲೋ. ಮನೆ ಬಿದ್ದವನು ಮನೆ ಕಟ್ಟಲೆಂದೇ ಮನೆಗೆ ಹೋಗದೆ ಉಳಿಯಬೇಕಾಗುತ್ತದೆ. ಅವನು ಮರುದಿನವೂ ಆನೆಯನ್ನು ಮಡಚಿಟ್ಟದ್ದಕ್ಕೆ ಕಾರಣ ಕೆಲಸದ ನಿಷ್ಠೆಯಷ್ಟೇ ಎಂದುಕೊಂಡಿರಾ?

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆಗ ನಾವು ಕಲೀನಾದಲ್ಲಿ ಮೊದಲ ಮಹಡಿಯಲ್ಲಿದ್ದೆವು. ನೆಲಮಹಡಿಯಲ್ಲಿ ಉಡುಪಿ ಕಡೆಯ ಹೆಣ್ಣುಮಗಳೊಬ್ಬಳು ಎರಡು ಮಕ್ಕಳೊಂದಿಗೆ ಇದ್ದಳು; ಗಂಡ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ. ಮಿಠಿ ನದಿಯ ನೀರು ಸ್ವಿಚ್ ಬೋರ್ಡಿನವರೆಗೂ ಏರಿ ಇಳಿಯಿತು. ಎರಡು ವಾರದ ಮೇಲೆ ಪರಿಹಾರ ಹಂಚುವ ಒಂದು ದೊಡ್ಡ ಸಂಸ್ಥೆಯವರು ಬಂದು ರೇಷನ್ ಕಾರ್ಡಿನ ಪ್ರತಿ ಕೇಳಿದರು. ಕಾರ್ಡು ಗೋದ್ರೇಜ್ ಕಪಾಟಿನ ತಳದಲ್ಲಿ ಅಂಬಲಿಯಾಗಿತ್ತು. ಪೊಲೀಸರಿಂದ ಬರೆಸಿಕೊಂಡು ಬನ್ನಿ ಎಂದು ಹೇಳಿ ಹೋದವರು ಮತ್ತೆ ಬಂದದ್ದು ನವೆಂಬರಿನಲ್ಲಿ, ಒಂದು ಕಂಬಳಿ, ಒಂದು ಬ್ಯಾನರ್ ಮತ್ತು ಒಂದು ಕ್ಯಾಮೆರಾದೊಂದಿಗೆ.

ಅದಕ್ಕೂ ಬಹಳ ಮೊದಲೇ, ಆಗಸ್ಟ್ ಮುಗಿಯುವಷ್ಟರಲ್ಲಿ, ಹಡಗಿನಿಂದ ಇಳಿದು ಊರಿಗೆ ಹೊರಟಿದ್ದ ಗೋವೆಯ ನಾವಿಕನೊಬ್ಬ ಆ ಬಾಗಿಲಿಗೆ ಬಂದಿದ್ದ. ಧೋಬಿ ತಲಾವಿನಲ್ಲಿ ತನ್ನ ಊರಿನವರ ‘ಕೂಡ್’ನಲ್ಲಿ ಟ್ರಂಕು ಇಟ್ಟು ನೇರವಾಗಿ ಬಂದವನು. (ಹಡಗಿಗೆ ಕಾಯುವವರು ತಂಗಲೆಂದು ಗೋವೆಯ ಒಂದೊಂದು ಹಳ್ಳಿಯವರೂ ಮುಂಬಯಿಯಲ್ಲಿ ಕಟ್ಟಿಕೊಂಡ ಬಿಡಾರ ಅದು, ಗೋಡೆಗೆ ಆನಿಸಿದ ಟ್ರಂಕುಗಳ ಸಾಲು, ಮೂಲೆಯಲ್ಲಿ ಊರಿನ ಸಂತನ ಪೀಠ. ನಾವಿಕನಿಗೆ ಅವರು ಹೇಳುವ ‘ತಾರ್ವಟಿ’ ಎಂಬ ಕೊಂಕಣಿ ಮಾತು ನನಗೆ ಬಹಳ ಇಷ್ಟ.) ಅವನು ಕಾಫಿಪುಡಿಯ ಡಬ್ಬಿ ತೆರೆದು ಒಂದು ಕಂದು ಲಕೋಟೆ ತೆಗೆದ. ಒಳಗೆ ಒಂದರ, ಐದರ, ಹತ್ತರ ಡಾಲರ್ ನೋಟುಗಳು, ಎಲ್ಲಕ್ಕೂ ಕಾಫಿಯ ವಾಸನೆ. ಜೊತೆಗೆ ರೂಲು ಹಾಕಿದ ಹಾಳೆಯ ಮೇಲೆ ಕೊಟ್ಟವರ ಪಟ್ಟಿ. ಲೆಕ್ಕ ಹಾಕಿಕೊಡಲು ನನ್ನನ್ನು ಕೆಳಗೆ ಕರೆದಿದ್ದರಿಂದ ಅದನ್ನು ನಾನೇ ಓದಿದೆ. ನಲವತ್ತಕ್ಕೂ ಹೆಚ್ಚು ಹೆಸರುಗಳಿದ್ದವು; ನಮ್ಮವರು ಏಳೋ ಎಂಟೋ, ಮಿಕ್ಕವರೆಲ್ಲ ಫಿಲಿಪ್ಪೀನ್ಸ್ ಮತ್ತು ಇಂಡೊನೇಷ್ಯಾದವರು. ಒಂದು ಕಡೆ ಹೆಸರೇ ಇರಲಿಲ್ಲ. ‘ಲಾಂಡ್ರಿ – 2’ ಎಂದಷ್ಟೇ ಇತ್ತು. ಆಕೆ ಆ ಹಣದಲ್ಲಿ ಮೊದಲು ಕೊಂಡದ್ದು ಗ್ಯಾಸ್ ಒಲೆ, ಆಮೇಲೆ ಮಕ್ಕಳ ಪಠ್ಯಪುಸ್ತಕ. ಕಂಬಳಿ ಅವಳಿಗೆ ಬೇಕಾಗಿರಲೇ ಇಲ್ಲ; ಮುಂಬಯಿಯಲ್ಲಿ ಯಾರಿಗೆ ತಾನೇ ಬೇಕು?

ಫಿಲಿಪ್ಪೀನ್ಸಿನ ಆ ಹುಡುಗ ‘ನಮ್ಮವನಲ್ಲ’ ಎಂದು ನಿಮ್ಮ ಮನೆಯವರು ಬಾಯಿಬಿಟ್ಟು ಹೇಳಿಲ್ಲ. ಆದರೆ ಅವರ ಗಾದೆಯ ಒಳಗೆ ಕೂತಿರುವುದು ಆ ಮಾತೇ. ಕಲೀನಾದ ಒಲೆ ಉರಿದದ್ದರಲ್ಲಿ ಅವನ ದೇಶದವರ ಪಾಲು ಇತ್ತೆಂದು ದಯವಿಟ್ಟು ಅವರಿಗೆ ತಿಳಿಸಿ. ಹಾಗೆ ನೋಡಿದರೆ ನಮ್ಮವರೆಂದು ಹೇಳಿಕೊಳ್ಳುವವರ ಕಷ್ಟವಾದರೂ ನಮಗೆಷ್ಟು ಕಾಣುತ್ತದೆ? ಮಹದಾಯಿ ಎಂದರೆ ಕನ್ನಡಿಗರಿಗೆ ನೆನಪಾಗುವುದು ನ್ಯಾಯಮಂಡಳಿ ಮಾತ್ರ. 2021ರ ಜುಲೈನಲ್ಲಿ ಅದೇ ನದಿ ಉಕ್ಕಿ ಗೋವೆಯ ಸತ್ತರಿಯ ಕಡೆ ಮನೆಗಳನ್ನು ಕೆಡವಿದಾಗ ಮುಂಬಯಿಯ ನಮ್ಮ ಸಭೆಗಳಲ್ಲಿ ಅದರ ಸುದ್ದಿಯೇ ಬರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಉತ್ತರ ಕರ್ನಾಟಕದ ನೆರೆಗೆ ಇಲ್ಲಿಂದ ಲಾರಿಗಟ್ಟಲೆ ಬಟ್ಟೆ ಹೋಯಿತು. ಕಟ್ಟುವ ಕೆಲಸಕ್ಕೆ ನಾನೂ ಹೋಗಿದ್ದೆ. ಅಳತೆ ಯಾರಿಗೂ ಹೊಂದದ ಹಳೆಯ ರವಿಕೆಗಳು, ಒಂಟಿ ಚಪ್ಪಲಿ, ಗುಂಡಿ ಕಿತ್ತ ಕೋಟು. ಲಾರಿಯ ಮುಂದೆ ಕಟ್ಟಿದ ಫ್ಲೆಕ್ಸ್ ಮಾತ್ರ ಹೊಚ್ಚ ಹೊಸದು. ಯಾರಿಗೆ ಎಂದು ಗೊತ್ತಿಲ್ಲದೆ ಕೊಡುವಾಗ ಕೈಗೆ ಸಿಕ್ಕಿದ್ದನ್ನೇ ಕೊಡುತ್ತೇವೆ.

ಹೆಸರು ಗೊತ್ತಿದ್ದರೆ ಇನ್ನೊಂದು ಅನುಕೂಲವಿದೆ, ಅದನ್ನು ನಿಧಿಗಳವರು ಕೊಡಲಾರರು: ಮತ್ತೆ ಕೇಳಬಹುದು. 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಸಮಾರ್ ಮತ್ತು ಲೇಟೆ ದ್ವೀಪಗಳ ಮೇಲೆ ಬಂದೆರಗಿತು. ಸರ್ಕಾರದ ಲೆಕ್ಕದಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಜಗತ್ತೆಲ್ಲ ಹಣ ಕಳುಹಿಸಿತು, ಕ್ರೂಸ್ ಕಂಪನಿಗಳೂ ಕೊಟ್ಟವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಮನೆಗಳ ಜೊತೆಗೆ ಕೋಟಿಗಟ್ಟಲೆ ತೆಂಗಿನ ಮರಗಳೂ ಹಾಳಾದವು. ಕರಾವಳಿಯವರಾದ ನಮಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. ಸೂರನ್ನು ಎರಡು ತಿಂಗಳಲ್ಲಿ ಹೊದಿಸಬಹುದು. ಇಂದು ನೆಟ್ಟ ತೆಂಗು ಕಾಯಿ ಬಿಡಲು ಆರೇಳು ವರ್ಷ. ಟಿವಿಯವರು ಒಂದು ತಿಂಗಳಲ್ಲಿ ಹೊರಡುತ್ತಾರೆ, ನಿಧಿಯವರು ವರ್ಷದೊಳಗೆ ವರದಿ ಅಚ್ಚುಹಾಕಿಸಿ ಹೊರಡುತ್ತಾರೆ. ಅಷ್ಟರಲ್ಲಿ ಫಿಲಿಪ್ಪೀನ್ಸಿಗೆ ಮುಂದಿನ ಚಂಡಮಾರುತ ಬಂದಿರುತ್ತದೆ. ವರ್ಷಕ್ಕೆ ಸರಾಸರಿ ಇಪ್ಪತ್ತು ಆ ದೇಶದ ಕಡಲ ವಲಯವನ್ನು ಹೊಕ್ಕುತ್ತವೆ.

ಕಂಪನಿಯೇ ಕೊಡಬೇಕಲ್ಲವೇ ಎಂದು ನೀವು ಕೇಳಿಲ್ಲ. ಕೇಳಬೇಕಿತ್ತು. ಹಡಗಿನ ಕಚೇರಿ ಮಯಾಮಿಯಲ್ಲಿ, ಬಾವುಟ ಬಹಾಮಾಸಿನದೋ ಪನಾಮಾದ್ದೋ, ಬೆವರು ಸಮಾರಿನದು, ಬಾಲಿಯದು, ಗೋವೆಯ ಸಾಲ್ಸೆಟ್ಟಿನದು. ಯಾವ ದೇಶದ ಕಾನೂನನ್ನು ಹಿಡಿದು ಯಾರನ್ನು ಕೇಳಬೇಕೆಂಬುದೇ ಗೊತ್ತಾಗದ ಹಾಗೆ ಈ ಉದ್ಯಮ ಕಟ್ಟಿಕೊಂಡಿದೆ. 2020ರಲ್ಲಿ ಕೊರೋನಾ ಬಂದಾಗ ಪ್ರಯಾಣಿಕರನ್ನು ಮನೆಗೆ ಕಳುಹಿಸಿದ ಮೇಲೂ ಸಿಬ್ಬಂದಿ ವಾರಗಟ್ಟಲೆ ಹಡಗಿನಲ್ಲೇ ಉಳಿದರು. ಮರೆಲ್ಲಾ ಡಿಸ್ಕವರಿ ಹಡಗಿನಲ್ಲಿದ್ದ 140ಕ್ಕೂ ಹೆಚ್ಚು ಭಾರತೀಯ ಸಿಬ್ಬಂದಿ ಮುಂಬಯಿ ಬಂದರಿನ ಹೊರಗೆ ಕಾದು ಕಾದು ಏಪ್ರಿಲ್ 23ರಂದು ನೆಲಕ್ಕೆ ಕಾಲಿಟ್ಟರು. ತಮ್ಮ ಊರಿನ ದಡವೇ ಕಣ್ಣೆದುರಿಗಿದ್ದರೂ ಇಳಿಯುವಂತಿರಲಿಲ್ಲ. ಇಂಥವರ ಮನೆ ಬಿದ್ದಾಗ ಕಂಪನಿ ಪ್ರಯಾಣಿಕರ ಮುಂದೆ ಹುಂಡಿ ಹಿಡಿಯುವುದನ್ನು ಕಂಡರೆ, ಸಂಬಳದಲ್ಲಿ ಕೊಡಬೇಕಾದ್ದನ್ನು ದಾನದಲ್ಲಿ ಎತ್ತುತ್ತಿದ್ದಾರಲ್ಲ ಎಂದು ನನಗೆ ಮೈ ಉರಿಯುತ್ತದೆ. ಆದರೂ ನನ್ನ ಸಿಟ್ಟು ತಣಿಯುವವರೆಗೆ ಆ ಹುಡುಗನ ಅಮ್ಮ ಮಳೆಯಲ್ಲಿ ನೆನೆಯುತ್ತಿರಬೇಕಾಗಿಲ್ಲ.

ಇನ್ನು ಕೆಲಸದ ಮಾತು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಹೊರದೇಶದ ವ್ಯಕ್ತಿಗೆ ಉಡುಗೊರೆಯಾಗಿ ಹಣ ಕಳುಹಿಸಬಹುದು. ವರ್ಷದ ಮಿತಿ ಎರಡೂವರೆ ಲಕ್ಷ ಡಾಲರ್, ನಿಮ್ಮ ಮೊತ್ತ ಅದರ ಹತ್ತಿರಕ್ಕೂ ಬರುವುದಿಲ್ಲ. ನಿಮ್ಮ ಬ್ಯಾಂಕಿನಲ್ಲಿ ಎ2 ಫಾರಂ ತುಂಬಬೇಕು, ಪ್ಯಾನ್ ಬೇಕು. ಕಳುಹಿಸುವ ಖರ್ಚೆಷ್ಟು ಎಂದು ಮೊದಲೇ ಕೇಳಿ. ಸಣ್ಣ ಮೊತ್ತವನ್ನು ಅದು ಜೋರಾಗಿ ಕಚ್ಚುತ್ತದೆ. ಫೋಟೊ ಕೇಳಬೇಡಿ, ರಸೀದಿ ಕೇಳಬೇಡಿ. ಪೂರ್ತಿ ಹಣವನ್ನು ಈಗಲೇ ಕಳುಹಿಸಲೂ ಬೇಡಿ. ಹದಿನೈದು ಸಾವಿರ ಈಗ ಹೋಗಲಿ. ಹತ್ತು ಸಾವಿರ ಬೇರೆ ಖಾತೆಯಲ್ಲಿರಲಿ, ಏಳೆಂಟು ತಿಂಗಳು ಕಳೆದು ಎಲ್ಲರೂ ಮರೆತ ಮೇಲೆ ಹೋಗಲಿ.

ಅದಕ್ಕೂ ಮುಂಚೆ ಚೀಟಿಯಲ್ಲಿರುವ ವಿಳಾಸಕ್ಕೆ ಎರಡು ಸಾಲು ಬರೆದು, ಮನೆಯವರಿಗೆ ಹಣ ಎಲ್ಲಿ ತಲುಪಿದರೆ ಅನುಕೂಲವೆಂದು ಆ ಹುಡುಗನನ್ನೇ ಕೇಳಿ. ವಿದ್ಯುತ್ ಇಲ್ಲದ ಊರಿನಲ್ಲಿ ಎಟಿಎಂ ನಡೆಯುವುದಿಲ್ಲ. ಅಲ್ಲಿ ಗಿರವಿ ಅಂಗಡಿಗಳಲ್ಲೂ ಹೊರಗಿನಿಂದ ಬಂದ ಹಣವನ್ನು ಬಿಡಿಸಿಕೊಳ್ಳಬಹುದು. ಸುತ್ತಮುತ್ತ ಯಾವುದು ಬಾಗಿಲು ತೆರೆದಿದೆಯೆಂದು ಅವನ ಅಮ್ಮನಿಗೆ ತಿಳಿದಿರುತ್ತದೆ.

– ಸಂಪಾದಕ