ಸೆಕೆಂಡ್ ಹ್ಯಾಂಡ್ ಆರ್15 ಕೊಂಡಿದ್ದೇನೆ, 25,000 ರೂಪಾಯಿ ಇದೆ. ಮೊದಲು ಏನು ಹಾಕಿಸಲಿ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. 31,000 ಕಿ.ಮೀ. ಓಡಿದ 2019ರ ಯಮಹಾ ಆರ್15 ವಿ3 ಬೈಕನ್ನು ಬೆಂಗಳೂರಿನ ಒಬ್ಬರಿಂದ ಕೊಂಡಿದ್ದೀರಿ. ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶಕ್ಕೆ ದಿನವೂ ಅದರಲ್ಲೇ ಹೋಗಿಬರುತ್ತೀರಿ. ಹಿಂದಿನ ಮಾಲೀಕರು ಹಾಕಿಸಿದ್ದ ಜೋರು ಸದ್ದಿನ ಸೈಲೆನ್ಸರ್ ಹಾಗೆಯೇ ಇದೆ, ಕಂಪನಿಯ ಸೈಲೆನ್ಸರನ್ನು ಅವರು ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿದ್ದಾರೆ. ಸ್ನೇಹಿತರು ಚಿನ್ನದ ಬಣ್ಣದ ಯುಎಸ್‌ಡಿ ಫೋರ್ಕ್ (ತಲೆಕೆಳಗಾಗಿ ಕೂರಿಸಿದ ಮುಂದಿನ ಶಾಕ್ ಅಬ್ಸಾರ್ಬರ್), ಅಗಲವಾದ ಹಿಂದಿನ ಟೈರು, ಟೈಲ್ ಟೈಡಿ (ಹಿಂದಿನ ಮಡ್‌ಗಾರ್ಡ್ ತೆಗೆದು ನಂಬರ್ ಪ್ಲೇಟಿಗೆ ಹಾಕುವ ಚಿಕ್ಕ ಪಟ್ಟಿ), ಸ್ಲೈಡರ್ (ಬಿದ್ದಾಗ ಬೈಕಿನ ಬದಿಯನ್ನು ಕಾಯುವ ಗುಂಡು) ಎಂದು ಒಂದೊಂದೇ ಹೇಳುತ್ತಿದ್ದಾರೆ. ಕೈಯಲ್ಲಿರುವ 25,000 ರೂಪಾಯಿಯಲ್ಲಿ ಯಾವುದನ್ನು ಮೊದಲು ಮಾಡಿಸಬೇಕು ಎಂಬುದು ನಿಮ್ಮ ಪ್ರಶ್ನೆ.

ಮೊದಲು ಏನನ್ನೂ ಹಾಕಿಸಬೇಡಿ, ಬಿಚ್ಚಿಸಿ. ಸೆಕೆಂಡ್ ಹ್ಯಾಂಡ್ ಬೈಕಿನಲ್ಲಿ ನಾವು ಕೊಳ್ಳುವುದು ಬೈಕನ್ನು ಮಾತ್ರವಲ್ಲ, ಹಿಂದಿನವರು ಅದಕ್ಕೆ ಮಾಡಿಸಿದ ಕೆಲಸಗಳನ್ನೂ ಕೊಳ್ಳುತ್ತೇವೆ. ಅವು ಏನೇನು, ಯಾರ ಕೈಯಲ್ಲಿ ಹೇಗೆ ಆದವು ಎಂದು ತಿಳಿಯದೆ ಮೇಲೆ ಇನ್ನೊಂದನ್ನು ಸೇರಿಸಿದರೆ, ನಾಳೆ ತೊಂದರೆ ಬಂದಾಗ ಅದು ನಿಮ್ಮದೋ ಅವರದೋ ಎಂದು ಹೇಳಲು ಯಾವ ಮೆಕ್ಯಾನಿಕ್ಕಿಗೂ ಆಗುವುದಿಲ್ಲ.

ಇದನ್ನು ನಾನು ಪಾಠ ಕಲಿತು ಹೇಳುತ್ತಿದ್ದೇನೆ. ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಲೇತ್ ಶಾಪ್ ಇದೆ. ನಂದಿ ಬೆಟ್ಟಕ್ಕೋ ಅವಲಗುರ್ಕಿಯ ಆದಿಯೋಗಿ ಪ್ರತಿಮೆ ನೋಡಲಿಕ್ಕೋ ಬೆಂಗಳೂರಿನಿಂದ ಬರುವ ಬೈಕುಗಳು ಹೆಚ್ಚಾದಂತೆ, ಸೋಮವಾರ ಬೆಳಿಗ್ಗೆ ನನ್ನ ಅಂಗಡಿಗೆ ಬರುವ ಬಾಗಿದ ಲಿವರುಗಳೂ ಮುರಿದ ಬೋಲ್ಟುಗಳೂ ಹೆಚ್ಚಾಗಿವೆ. ಬೇರೆಯವರ ಬೈಕಿಗೆ ಬುದ್ಧಿ ಹೇಳುವ ನಾನೇ 2021ರಲ್ಲಿ 2018ರ ವಿ3 ಒಂದನ್ನು, ಅಂದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ್ದನ್ನು, ಹೊರಗಿನ ಹೊಳಪು ನೋಡಿ ತೆಗೆದುಕೊಂಡೆ. ಆ ವರ್ಷದ ಡಿಸೆಂಬರಿನಲ್ಲಿ ಮಂಚೇನಹಳ್ಳಿಯಿಂದ ಮುಸ್ಸಂಜೆ ಹೊತ್ತಿನಲ್ಲಿ ಹಿಂದಿರುಗುತ್ತಿದ್ದಾಗ ಹೆಡ್‌ಲೈಟು ಆರಿಹೋಯಿತು. ಮುಂದೆ ರಾಗಿ ಹುಲ್ಲು ತುಂಬಿಕೊಂಡ ಟ್ರ್ಯಾಕ್ಟರ್ ಇತ್ತು, ಅದಕ್ಕೂ ಹಿಂದಿನ ದೀಪ ಇರಲಿಲ್ಲ. ಹೇಗೋ ಬದಿಗೆ ಇಳಿಸಿ, ಒಂದು ಟೀ ಅಂಗಡಿಯವರೆಗೆ ತಳ್ಳಿಕೊಂಡು ಹೋಗಿ ನಿಲ್ಲಿಸಿದೆ.

ಮರುದಿನ ಎಡಗಡೆಯ ಫೇರಿಂಗ್ (ಬದಿಯ ಪ್ಲಾಸ್ಟಿಕ್ ಹೊದಿಕೆ) ಬಿಚ್ಚಿದಾಗ ಒಳಗಿನ ಚಿತ್ರ ಕಾಣಿಸಿತು. ಜೋಡಿ ಹಾರ್ನಿಗೆಂದು ಹೆಡ್‌ಲೈಟಿನ ತಂತಿಯನ್ನು ಬ್ಲೇಡಿನಿಂದ ಕೆರೆದು, ಇನ್ನೊಂದು ತಂತಿಯನ್ನು ಬೆರಳಿನಲ್ಲಿ ತಿರುಚಿ ಸೇರಿಸಿ, ಮೇಲೆ ಕರಿ ಟೇಪು ಸುತ್ತಿದ್ದರು. ಅಂಥ ಜೋಡಣೆಗಳು ಆರು ಇದ್ದವು. ಬಿಸಿಲಿಗೂ ಎಂಜಿನ್ ಶಾಖಕ್ಕೂ ಟೇಪಿನ ಅಂಟು ಬೆಲ್ಲದ ಪಾಕದಂತೆ ಹರಿದು ಧೂಳು ಹಿಡಿದಿತ್ತು. ಫ್ಯೂಸು ಪದೇ ಪದೇ ಹೋಗುತ್ತಿದ್ದುದಕ್ಕೆ ಕಾರಣ ಹುಡುಕುವ ಬದಲು ಯಾರೋ ಹೆಚ್ಚು ಆಂಪಿಯರಿನ ಫ್ಯೂಸು ಸಿಕ್ಕಿಸಿದ್ದರು. ಹೀಗಾಗಿ ಸುಡಬೇಕಾದ ಫ್ಯೂಸು ಗಟ್ಟಿಯಾಗಿ ಕುಳಿತಿತ್ತು, ತಂತಿ ಕರಗಿತ್ತು. ಆದ್ದರಿಂದ ನಿಮ್ಮ ಬೈಕಿನಲ್ಲಿ ಎರಡೂ ಬದಿಯ ಫೇರಿಂಗನ್ನು ಒಮ್ಮೆ ಬಿಚ್ಚಿಸಿ ನೋಡಿ. ಕಂಪನಿಯ ಕಪ್ಲರ್ (ತಂತಿಗಳನ್ನು ಸೇರಿಸುವ ಪ್ಲಗ್ಗು) ಬಿಟ್ಟು ಬೇರೆ ಎಲ್ಲಿ ತಂತಿ ಸೇರಿದೆಯೋ ಅದನ್ನು ತೆಗೆಸಿ, ಪ್ರತಿಯೊಂದು ಫ್ಯೂಸಿನ ಮೇಲಿನ ಅಂಕಿಯನ್ನು ಫ್ಯೂಸ್ ಪೆಟ್ಟಿಗೆಯ ಮುಚ್ಚಳದಲ್ಲಿರುವ ಅಂಕಿಯೊಂದಿಗೆ ಹೋಲಿಸಿ. ಇದಕ್ಕೆ ಅರ್ಧ ದಿನದ ಕೂಲಿ ಸಾಕು.

ಇನ್ನು ಸೈಲೆನ್ಸರ್. ನಿಮಗೆ ಸಿಕ್ಕಿರುವ ಬಿಡಿಭಾಗಗಳಲ್ಲಿ ಅತ್ಯಂತ ಬೆಲೆಬಾಳುವುದು ಆ ಗೋಣಿಚೀಲದಲ್ಲಿದೆ. ಅದನ್ನು ಹೊರತೆಗೆದು, ಹೊಸ ಗ್ಯಾಸ್ಕೆಟ್ ಕೊಂಡು, ಮತ್ತೆ ಹಾಕಿಸಿ. ಜೋರು ಸದ್ದಿನ ಸೈಲೆನ್ಸರಿನಿಂದ ಶಕ್ತಿ ಹೆಚ್ಚುತ್ತದೆ ಎಂಬ ಮಾತು ಈ ಎಂಜಿನ್ನಿನ ವಿಷಯದಲ್ಲಿ ಬಹುಮಟ್ಟಿಗೆ ಕಿವಿಯ ಭ್ರಮೆ. 155 ಸಿಸಿಯ ಈ ಎಂಜಿನ್ ತನ್ನ 19.3 ಪಿಎಸ್ ಶಕ್ತಿಯನ್ನು ಕೊಡುವುದು 10,000 ಆರ್‌ಪಿಎಂನಲ್ಲಿ; ವಾಲ್ವಿನ ಚಲನೆಯನ್ನು ಬದಲಿಸುವ ವಿವಿಎ ವ್ಯವಸ್ಥೆ ಕೆಲಸಕ್ಕೆ ಬರುವುದೇ 7,400ರ ನಂತರ. ನೀವು ಕೆಲಸಕ್ಕೆ ಹೋಗುವಾಗ ಹೆಚ್ಚಿನ ಹೊತ್ತು ಇರುವುದು ಅದಕ್ಕಿಂತ ಕೆಳಗೆ. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂಬ ಲೆಕ್ಕವನ್ನು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಕಂಪನಿಯ ಸೈಲೆನ್ಸರಿಗೆ ಹೊಂದುವಂತೆ ಇಟ್ಟುಕೊಂಡಿರುತ್ತದೆ. ದಾರಿಯನ್ನಷ್ಟೇ ಸಡಿಲಿಸಿ ಲೆಕ್ಕವನ್ನು ಹಾಗೆಯೇ ಬಿಟ್ಟರೆ ಆಕ್ಸಿಲರೇಟರ್ ಬಿಟ್ಟಾಗ ಪಟಪಟನೆ ಸಿಡಿಯುವ ಸದ್ದು ಬರುತ್ತದೆ, ಕೆಳಗಿನ ವೇಗದಲ್ಲಿ ಎಳೆತ ಮೊದಲಿಗಿಂತ ಸಪ್ಪೆಯಾಗುತ್ತದೆ. ಅದನ್ನು ಸರಿಪಡಿಸಲು ಇಂಧನದ ಲೆಕ್ಕ ಬದಲಿಸುವ ಇನ್ನೊಂದು ಪೆಟ್ಟಿಗೆ ಕೊಳ್ಳಬೇಕು. ಒಂದು ಖರ್ಚು ಇನ್ನೊಂದನ್ನು ಕರೆಯುವುದು ಹೀಗೆಯೇ.

ಕಾನೂನಿನ ಮಾತೂ ಇದೆ. 80ರಿಂದ 175 ಸಿಸಿವರೆಗಿನ ಬೈಕುಗಳಿಗೆ ತಯಾರಿಕೆಯ ಹಂತದಲ್ಲಿ ನಿಗದಿಯಾಗಿರುವ ಶಬ್ದದ ಮಿತಿ 77 ಡೆಸಿಬೆಲ್. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂನ ಪ್ರಕಾರ ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ವಾಹನದ ಮೂಲ ರಚನೆಯನ್ನು ಅನುಮತಿಯಿಲ್ಲದೆ ಮಾರ್ಪಡಿಸಿದರೆ 182ಎ(4)ನೇ ಕಲಂನ ಪ್ರಕಾರ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವಿದೆ, ಜೈಲುಶಿಕ್ಷೆಯ ಅವಕಾಶವೂ ಇದೆ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರುತ್ತೀರಿ.

ಹಣ ಖರ್ಚು ಮಾಡುವ ಮೊದಲ ಜಾಗ ಟೈರು. ಟೈರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮಾರುವವರು ಸಾಮಾನ್ಯವಾಗಿ ಸವೆದ ಹಿಂದಿನ ಟೈರನ್ನು ಬದಲಿಸಿ, ಗೀರುಗಳು ಚೆನ್ನಾಗಿಯೇ ಕಾಣುವ ಮುಂದಿನ ಟೈರನ್ನು ಹಾಗೆಯೇ ಬಿಟ್ಟಿರುತ್ತಾರೆ. ಆದರೆ ರಬ್ಬರು ಸವೆಯದೆಯೂ ಮುದಿಯಾಗುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಮೂಡದಷ್ಟು ಗಟ್ಟಿಯಾದ ಟೈರು ಒದ್ದೆ ರಸ್ತೆಯಲ್ಲಿ ಯಾವ ಬ್ರೇಕಿಗೂ ಬೆಲೆ ಕೊಡುವುದಿಲ್ಲ. ಅಳತೆಯನ್ನು ಮಾತ್ರ ಬದಲಿಸಬೇಡಿ: ಮುಂದೆ 100/80-17, ಹಿಂದೆ 140/70-17. ಅದೇ ಹಿಂದಿನ ಅಳತೆಯಲ್ಲಿ ರೇಡಿಯಲ್ ಟೈರು ಸಿಗುತ್ತದೆ; ಹೊಗೆಯ ಹೊಸ ನಿಯಮಕ್ಕೆ ಹೊಂದಿಸಿದ ಬಿಎಸ್6 ವಿ3ಗೆ ಕಂಪನಿಯೇ ಹಿಂದೆ ರೇಡಿಯಲ್ ಕೊಟ್ಟಿತು. ನಿಮ್ಮ ಸ್ನೇಹಿತರು ಹೇಳುವ ಅಗಲದ ಟೈರು ಹಿಂದಿನಿಂದ ನೋಡಲು ಚೆಂದ, ಆದರೆ ಆ ರಿಮ್ಮಿನ ಮೇಲೆ ಅದು ಕಿವುಚಿಕೊಂಡು ಕೂರುತ್ತದೆ, ತಿರುವಿನಲ್ಲಿ ಬೈಕು ಸುಲಭವಾಗಿ ವಾಲುವುದಿಲ್ಲ. ನಿಮ್ಮದರಲ್ಲಿ ಎರಡೂ ಗಾಲಿಗೆ ಎಬಿಎಸ್ ಇದೆ. ಎರಡು ಗಾಲಿಗಳ ವೇಗವನ್ನು ಹೋಲಿಸುತ್ತಾ ಕೆಲಸ ಮಾಡುವ ಆ ವ್ಯವಸ್ಥೆಗೆ ಟೈರಿನ ಸುತ್ತಳತೆ ಬದಲಾಗುವುದೂ ಒಳ್ಳೆಯದಲ್ಲ.

ಟೈರಿನ ಬಗ್ಗೆ ಇಷ್ಟು ಒತ್ತಿ ಹೇಳಲು ನಮ್ಮ ರಸ್ತೆಗಳೇ ಕಾರಣ. ಕ್ರಷರುಗಳಿಂದ ಹೊರಡುವ ಟಿಪ್ಪರುಗಳು ತಿರುವಿನಲ್ಲಿ ಜಲ್ಲಿ, ಎಂ ಸ್ಯಾಂಡ್ ಚೆಲ್ಲಿ ಹೋಗುತ್ತವೆ. ಸುಗ್ಗಿ ಬಂತೆಂದರೆ ರಾಗಿ ತೆನೆಯನ್ನೂ ಹುರುಳಿ ಗಿಡವನ್ನೂ ಡಾಂಬರಿನ ಮೇಲೆ ಹರಡಿ ರಸ್ತೆಯನ್ನೇ ಕಣ ಮಾಡುತ್ತಾರೆ. ರಾಗಿ ಹುಲ್ಲು ಜಾರುತ್ತದೆ ಅಷ್ಟೆ. ಹುರುಳಿ ಕಾಳು ಟೈರಿನ ಕೆಳಗೆ ಬೇರಿಂಗ್ ಗುಂಡಿನಂತೆ ಉರುಳುತ್ತದೆ. ಬೈಕು ವಾಲಿರುವಾಗ ಅಲ್ಲಿ ಬ್ರೇಕ್ ಒತ್ತಿದರೆ ನಿಮ್ಮ ಎಬಿಎಸ್ ಕೂಡ ಕೈಬಿಡುತ್ತದೆ. ಒಣ ಹುಲ್ಲಿನ ರಾಶಿಯ ಮೇಲೆ ಬಿಸಿ ಸೈಲೆನ್ಸರಿನ ಬೈಕನ್ನು ನಿಲ್ಲಿಸಲೂಬೇಡಿ.

ಚೈನ್ ಮತ್ತು ಎರಡು ಸ್ಪ್ರಾಕೆಟುಗಳನ್ನು ಒಟ್ಟಿಗೇ ಬದಲಿಸಬೇಕು. ಸವೆದ ಹಲ್ಲಿಗೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಹಿಂದಿನ ಸ್ಪ್ರಾಕೆಟಿನ ತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿ, ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಅದರ ಕಾಲ ಮುಗಿದಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಹಿಂದಿನವರು ಬದಲಿಸಿದ ದಾಖಲೆ ಇಲ್ಲದಿದ್ದರೆ ಡಾಟ್ 4 ಆಯಿಲನ್ನು ಹೊಸದಾಗಿ ತುಂಬಿಸಿ, ಮುಂದೆ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿರಿ. ಪ್ಯಾಡುಗಳನ್ನೂ ಅದೇ ದಿನ ನೋಡಿಸಿ.

ಯುಎಸ್‌ಡಿ ಫೋರ್ಕಿನ ಆಸೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಇಂಡೋನೇಷ್ಯಾದ ವಿ3ಗೆ ಅದು ಇತ್ತು, ನಮ್ಮ ದೇಶದ ವಿ3ಗೆ ಕೊಡಲಿಲ್ಲ, 2021ರ ವಿ4ಗೆ ಕೊಟ್ಟರು. ಈ ಕೊರಗನ್ನು ತೀರಿಸಲು ಅನೇಕರು ಆ ಫೋರ್ಕನ್ನು ತರಿಸಿ ಹಾಕಿಸುತ್ತಾರೆ. ಆದರೆ ಫೋರ್ಕಿನೊಂದಿಗೆ ಟ್ರಿಪಲ್ ಕ್ಲ್ಯಾಂಪ್ (ಫೋರ್ಕನ್ನು ಬೈಕಿಗೆ ಹಿಡಿದಿಡುವ ಭಾಗ), ಆಕ್ಸಲ್, ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಕೂರುವ ಜಾಗ, ಎಬಿಎಸ್ ಸೆನ್ಸರಿನ ಅಂತರ ಎಲ್ಲವೂ ಬದಲಾಗುತ್ತವೆ. ಹೊಂದದ್ದನ್ನು ಹೊಂದಿಸಲು ಸ್ಪೇಸರ್ ಮಾಡಿಕೊಡಿ ಎಂದು ನನ್ನ ಲೇತಿಗೆ ಬಂದವರುಂಟು. ಮುಂದಿನ ಗಾಲಿಯ ಆಕ್ಸಲಿಗೆ ಅಂದಾಜಿನ ಸ್ಪೇಸರ್ ಮಾಡಿಕೊಡುವ ಧೈರ್ಯ ನನಗಿಲ್ಲ, ಎಲ್ಲರನ್ನೂ ವಾಪಸ್ಸು ಕಳಿಸಿದ್ದೇನೆ. ಇರುವ ಫೋರ್ಕಿನ ಆಯಿಲ್ ಮತ್ತು ಆಯಿಲ್ ಸೀಲ್ ಬದಲಿಸಿದರೆ, 31,000 ಕಿ.ಮೀ. ಓಡಿದ ಬೈಕಿನಲ್ಲಿ ಕೈಗೆ ತಿಳಿಯುವಷ್ಟು ವ್ಯತ್ಯಾಸ ಬರುತ್ತದೆ.

ಫ್ರೇಮ್ ಸ್ಲೈಡರ್ ಬೇಕು ಎನ್ನುವುದಕ್ಕೆ ನನ್ನ ಒಪ್ಪಿಗೆಯಿದೆ, ಏಕೆಂದರೆ ಈ ಬೈಕು ನಿಂತಲ್ಲೇ ಬಿದ್ದರೂ ಫೇರಿಂಗ್ ಒಡೆಯುತ್ತದೆ. ಆದರೆ ಅಗ್ಗದ ಸ್ಲೈಡರುಗಳಲ್ಲಿ ದಪ್ಪ ಅಲ್ಯೂಮಿನಿಯಂ ಗುಂಡಿಗೆ ತುಂಬ ಉದ್ದದ ಒಂದೇ ಬೋಲ್ಟು ಇರುತ್ತದೆ, ಅದು ಎಂಜಿನ್ ಹಿಡಿದಿರುವ ಜಾಗದಲ್ಲೇ ಕೂರುತ್ತದೆ. ಬಿದ್ದಾಗ ಗುಂಡು ಸವೆಯುವ ಬದಲು ಸನ್ನೆಕೋಲಿನಂತೆ ಮೀಟುತ್ತದೆ. ಒಮ್ಮೆ ಒಬ್ಬ ಹುಡುಗ ತಂದ ಬೈಕಿನಲ್ಲಿ ಬೋಲ್ಟು ಒಳಗೇ ತುಂಡಾಗಿತ್ತು. ಡ್ರಿಲ್ ಹಾಕಿ ಆ ತುಂಡನ್ನು ಹೊರತೆಗೆಯಲು ನನಗೆ ಮಧ್ಯಾಹ್ನವೆಲ್ಲ ಹಿಡಿಯಿತು. ನೆಲಕ್ಕೆ ಉಜ್ಜಿದಾಗ ಸವೆಯುವ ನೈಲಾನ್ ಗುಂಡು, ಎರಡು ಕಡೆ ಹಿಡಿತವಿರುವ ಪ್ಲೇಟು ಇರುವುದನ್ನು ಕೊಳ್ಳಿ. ಜೊತೆಗೆ ರೇಡಿಯೇಟರಿಗೆ ಜಾಲರಿ ಹಾಕಿಸಿ. ಟಿಪ್ಪರಿನ ಹಿಂದೆ ಹೋಗುವವರಿಗೆ ಅದು ಅಲಂಕಾರವಲ್ಲ.

ಟೈಲ್ ಟೈಡಿ ಹಾಕಿಸುವಾಗ ಹಿಂದಿನ ಮಡ್‌ಗಾರ್ಡು, ಸೀರೆ ಗಾರ್ಡು ಎರಡನ್ನೂ ಕಿತ್ತುಬಿಡುತ್ತಾರೆ. ಹಿಂದಿನ ಗಾಲಿಯ ಅರ್ಧಕ್ಕಿಂತ ಕಡಿಮೆಯಿಲ್ಲದ ಭಾಗಕ್ಕೆ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಹಿಂದೆ ಕೂರುವವರು ಸೀರೆಯನ್ನೋ ದುಪಟ್ಟಾವನ್ನೋ ಧರಿಸುವ ಮನೆ ನಿಮ್ಮದಾದರೆ ನಿಯಮ ನೆನಪಿಸಬೇಕಾದ ಅಗತ್ಯವೂ ಇಲ್ಲ.

ದಿನಕ್ಕೆ ಸುಮಾರು 80 ಕಿ.ಮೀ. ಓಡುವ ನಿಮಗೆ ಮಣಿಕಟ್ಟು ನೋವು ಬಂದೇ ಬರುತ್ತದೆ. ಹ್ಯಾಂಡಲ್ ಎತ್ತರಿಸುವ ರೈಸರ್ ಹುಡುಕುವ ಮೊದಲು ಟ್ಯಾಂಕಿನ ಎರಡು ಬದಿಗೆ ಅಂಟಿಸುವ ರಬ್ಬರ್ ಹಿಡಿತದ ಪಟ್ಟಿ ಹಾಕಿ, ಮೈಭಾರವನ್ನು ಮೊಣಕಾಲಿನಿಂದ ಹಿಡಿದು ಒಂದು ತಿಂಗಳು ಓಡಿಸಿ ನೋಡಿ. ಆಗಲೂ ನೋವಿದ್ದರೆ ರೈಸರ್ ಹಾಕಿಸಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸ್ ಮತ್ತು ಆಕ್ಸಿಲರೇಟರ್ ಕೇಬಲ್ ಬಿಗಿಯಾಗಬಾರದು, ಇಂಜಿನ್ ವೇಗ ತಾನಾಗಿ ಏರಬಾರದು.

ಹೀಗೆ ನೋಡಿದರೆ ನಿಮ್ಮ ಹಣ ನನ್ನ ಲೆಕ್ಕದಲ್ಲಿ ಹಂಚಿಹೋಗುವುದು ಹೀಗೆ: ಎರಡು ಟೈರಿಗೆ ಏಳೆಂಟು ಸಾವಿರ, ಚೈನ್ ಕಿಟ್ಟಿಗೆ ಮೂರೂವರೆ ಸಾವಿರ, ಬ್ರೇಕ್ ಮತ್ತು ಫೋರ್ಕಿನ ಕೆಲಸಕ್ಕೆ ಮೂರು ಸಾವಿರ, ಉಳಿದದ್ದರಲ್ಲಿ ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಗಟ್ಟಿ ಕೈಗವಸು, ಭುಜ ಮತ್ತು ಮೊಣಕೈಗೆ ಪ್ಯಾಡಿರುವ ಜಾಕೆಟ್. ಬೇಸಿಗೆಯಲ್ಲಿ ಜಾಲರಿಯ ಜಾಕೆಟ್ಟೇ ಇರಲಿ, ಸೆಖೆಯೆಂದು ಮನೆಯಲ್ಲಿ ಬಿಟ್ಟುಹೋಗುವ ಜಾಕೆಟ್ಟಿಗೆ ಹಣ ಹಾಕಬೇಡಿ. ಸ್ಲೈಡರು ಮುಂದಿನ ತಿಂಗಳ ಸಂಬಳಕ್ಕೆ ಕಾಯಬಹುದು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೆಯ ಭಾಗವನ್ನೇ ಚೀಲದಲ್ಲಿ ಒಯ್ಯಿರಿ, ಮೊಬೈಲಿನ ಚಿತ್ರ ತೋರಿಸಿ ತಂದದ್ದು ಅರ್ಧಕ್ಕರ್ಧ ಹೊಂದುವುದಿಲ್ಲ.

ಇದೆಲ್ಲದಕ್ಕೂ ಮೊದಲು ಆರ್‌.ಸಿ. ನಿಮ್ಮ ಹೆಸರಿಗೆ ಆಗಿದೆಯೇ ನೋಡಿಕೊಳ್ಳಿ. ವಿಮೆಯನ್ನು ವರ್ಗಾಯಿಸಲು ಕೊಂಡ ದಿನದಿಂದ 14 ದಿನಗಳ ಗಡುವಿದೆ, ಹಿಂದಿನವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಬಣ್ಣ ಬದಲಿಸುವ ಯೋಚನೆಯಿದ್ದರೆ ಅದನ್ನೂ ಆರ್‌.ಸಿ.ಯಲ್ಲಿ ನಮೂದಿಸಬೇಕು, ಸಣ್ಣ ಸ್ಟಿಕರಿಗೆ ಆ ತಾಪತ್ರಯವಿಲ್ಲ, ನಂಬರ್ ಪ್ಲೇಟಿನ ಮೇಲೆ ಮಾತ್ರ ಏನನ್ನೂ ಅಂಟಿಸಬೇಡಿ. ಮುಂದಿನ ಟೈರಿನ ಮೇಲಿರುವ ಆ ನಾಲ್ಕು ಅಂಕಿಗಳನ್ನು ಇವತ್ತೇ ನೋಡಿ ಇಲ್ಲಿ ಬರೆಯಿರಿ, ಅದು ಇನ್ನೊಂದು ಮಳೆಗಾಲ ಬರುತ್ತದೆಯೋ ಇಲ್ಲವೋ ಎಂದು ಹೇಳುತ್ತೇನೆ.