ಕೊಡಗಿನ ಎಸ್ಟೇಟ್ ಬಂಗಲೆಯ ಬೇಸಿಗೆ ಪಾರ್ಟಿಗೆ ಮೈಸೂರಿನಿಂದ ಹೊರಟವರಿಗೆ

ನಿಮ್ಮ ಯಜಮಾನರ ಮೇಲಧಿಕಾರಿಯ ಮನೆಯವರು ಮೇ ತಿಂಗಳ ಶನಿವಾರ ಸಂಜೆ ಐದೂವರೆಗೆ ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟಕ್ಕೆ ಕರೆದಿದ್ದಾರೆ. ಬಂಗಲೆಯ ಮುಂದಿನ ಹುಲ್ಲುಹಾಸಿನಲ್ಲಿ ಪಾರ್ಟಿ. ಆಹ್ವಾನದಲ್ಲಿ ‘ಸ್ಮಾರ್ಟ್ ಕ್ಯಾಶುವಲ್’, ಅಂದರೆ ಅಚ್ಚುಕಟ್ಟಾದ, ಆದರೆ ತೀರ ಔಪಚಾರಿಕವಲ್ಲದ ಉಡುಪು ಎಂದಿದೆ. ನೀವು ಸಸ್ಯಾಹಾರಿ, ಮದ್ಯ ಮುಟ್ಟುವವರಲ್ಲ. ಅಂಥ ದೊಡ್ಡವರ ನಡುವೆ ಹೇಗಿರಬೇಕೋ ಎಂಬ ಅಳುಕು ನಿಮ್ಮ ಪ್ರಶ್ನೆಯ ತುಂಬ ಇದೆ.

ನಾನೂ ಮೈಸೂರಿನವಳೇ, ಸರಸ್ವತಿಪುರಂನಲ್ಲಿ ಮನೆ. ಕಾಲೇಜಿನ ಗೆಳತಿಯೊಬ್ಬಳು ಕೊಡಗಿನ ಬೆಳೆಗಾರರ ಮನೆಗೆ ಸೊಸೆಯಾಗಿ ಹೋದಾಗಿನಿಂದ ಇಂಥ ಸಂಜೆಗಳಿಗೆ ಹೋಗಿಬರುತ್ತಿದ್ದೇನೆ. ಅಲ್ಲಿನ ರೀತಿನೀತಿ ನಿಂತಿರುವುದು ಮಳೆ, ಚಳಿ ಮತ್ತು ತೋಟದ ಕೆಲಸದ ಮೇಲೆ. ಸಿರಿವಂತಿಕೆಗೆ ಅಲ್ಲಿ ಎರಡನೆಯ ಜಾಗ.

ಮೊದಲು ಉಡುಪು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಸುಂಟಿಕೊಪ್ಪ ಅದಕ್ಕಿಂತ ತಗ್ಗು. ಆದರೂ ಮೈಸೂರಿನ ಸೆಕೆಯಲ್ಲಿ ಹೊರಟವರಿಗೆ ಸಂಜೆ ಏಳರ ಹೊತ್ತಿಗೆ ತೋಳು ತಣ್ಣಗಾಗುತ್ತದೆ. ಸಣ್ಣ ಅಂಚಿನ ಸಾದಾ ಮೈಸೂರು ಸಿಲ್ಕ್ ಉಡಿ ಎನ್ನುತ್ತೇನೆ. ಅದು ಹುರಿ ಹಾಕಿದ ನೂಲಿನಿಂದ ನೇಯ್ದ ಕ್ರೇಪ್ ಬಟ್ಟೆ ಆದ್ದರಿಂದ ಕಾರಿನಲ್ಲಿ ಗಂಟೆಗಟ್ಟಲೆ ಕುಳಿತರೂ ಮುದುಡುವುದಿಲ್ಲ. ನೆರಿಗೆಯನ್ನು ಹಿಂದಕ್ಕಿಟ್ಟು ಕೊಡವ ಶೈಲಿಯಲ್ಲಿ ಸೀರೆ ಉಟ್ಟ ಹಿರಿಯರು ಅಲ್ಲಿ ಖಂಡಿತ ಇರುತ್ತಾರೆ, ಹಾಗಾಗಿ ಸೀರೆ ಅತಿಯಾಯಿತು ಎಂದು ಯಾರಿಗೂ ಅನ್ನಿಸದು. ಮೇಲೊಂದು ಶಾಲು ಇರಲಿ. ಯಜಮಾನರಿಗೆ ಕಾಲರ್ ಇರುವ ಅಂಗಿ, ಶೂ, ತೆಳುವಾದ ಕೋಟು ಸಾಕು.

ಎತ್ತರದ ಹಿಮ್ಮಡಿಯ ಚಪ್ಪಲಿ ಮಾತ್ರ ಬೇಡವೇ ಬೇಡ. ಮಧ್ಯಾಹ್ನ ಮಳೆ ಬಿದ್ದ ಹುಲ್ಲಿನಲ್ಲಿ ಚೂಪಾದ ಹಿಮ್ಮಡಿ ಪೂರ್ತಿ ಹೂತುಹೋಗುತ್ತದೆ. ನನ್ನ ಪಕ್ಕದಲ್ಲಿ ನಿಂತು ಮಾತನಾಡುತ್ತಿದ್ದ ಹುಡುಗಿಯೊಬ್ಬಳು ಹೆಜ್ಜೆ ಎತ್ತಿದಾಗ ಪಾದವಷ್ಟೇ ಮೇಲೆ ಬಂತು, ಚಪ್ಪಲಿ ಕೆಸರಿನಲ್ಲೇ ನೆಟ್ಟಗೆ ನಿಂತಿತ್ತು. ಉಳಿದ ಸಂಜೆಯನ್ನು ಆಕೆ ಕುರ್ಚಿಯಲ್ಲೇ ಕಳೆದಳು.

ಇನ್ನು ಮಳೆ. ಇದನ್ನು ಯಾರೂ ಮುಂಚಿತವಾಗಿ ಹೇಳಿಕೊಡುವುದಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತೇನೆ. ಬೇಸಿಗೆಯ ಮೊದಲ ಹದಮಳೆ ಬಿದ್ದು ಒಂದು ವಾರ, ಹತ್ತು ದಿನದಲ್ಲಿ ಕಾಫಿ ಗಿಡಗಳು ಹೂಬಿಡುತ್ತವೆ. ಆ ಮಳೆಯನ್ನು ಹೂಮಳೆ ಎನ್ನುತ್ತಾರೆ. ಅದಾದ ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಆಗಬೇಕು, ಬೆಳೆಗಾರರ ಬಾಯಲ್ಲಿ ಅದು ಬ್ಯಾಕಿಂಗ್ ಮಳೆ. ಅದು ಕೈಕೊಟ್ಟರೆ ಕಟ್ಟಿದ ಕಾಯಿ ಉದುರುತ್ತದೆ, ವರ್ಷದ ಫಸಲಿಗೇ ಪೆಟ್ಟು. ಆದ್ದರಿಂದ ಬಂಗಲೆಗಳ ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಇಂಚು ಮತ್ತು ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ‘ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?’ ಎಂದೇ ಅಲ್ಲಿ ಮಾತು ಶುರುವಾಗುತ್ತದೆ. ನೀವೂ ಅದನ್ನೇ ಕೇಳಿ, ಗಮನವಿಟ್ಟು ಕೇಳಿಸಿಕೊಳ್ಳಿ. ಅಪರಿಚಿತರ ನಡುವೆ ಮಾತಿಗೆ ಪರದಾಡುವ ಕಷ್ಟ ಅಲ್ಲಿಗೇ ಮುಗಿಯಿತು. ಪಾರ್ಟಿಯ ನಡುವೆಯೇ ಗುಡುಗಿ ಮಳೆ ಸುರಿದು ಎಲ್ಲರೂ ವರಾಂಡಕ್ಕೆ ಓಡಬೇಕಾದರೆ ‘ಛೆ, ಎಲ್ಲಾ ಹಾಳಾಯಿತು’ ಎನ್ನಬೇಡಿ. ಮನೆಯವರಿಗೆ ಆ ಮಳೆ ಬೇಕಾಗಿದ್ದಿರಬಹುದು.

ಊಟದ ವಿಷಯವನ್ನು ಒಂದೆರಡು ದಿನ ಮೊದಲೇ ಫೋನ್ ಮಾಡಿ ಹೇಳಿಬಿಡಿ. ಇದರಲ್ಲಿ ಸಂಕೋಚ ಪಡಬೇಡಿ; ಅತಿಥಿ ಹಸಿದು ಹೋದರೆ ಅವರಿಗೆ ಅದಕ್ಕಿಂತ ದೊಡ್ಡ ನೋವಿಲ್ಲ. ಕಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ಪಂದಿ ಕರಿ, ಅಂದರೆ ಹಂದಿ ಮಾಂಸದ ಖಾದ್ಯ, ಮೇಜಿನ ಮೇಲೆ ಇದ್ದೇ ಇರುತ್ತದೆ. ಅದರ ಜೊತೆಗಿಡುವ ಕಡಂಬುಟ್ಟು ಅಕ್ಕಿ ತರಿಯ ಉಂಡೆ, ನೂಪುಟ್ಟು ಅಕ್ಕಿ ಶಾವಿಗೆ. ಎರಡನ್ನೂ ನೀವು ತಿನ್ನಬಹುದು. ಪಾನೀಯ ಕೇಳಿದಾಗ ‘ಪ್ಯಾಶನ್ ಫ್ರೂಟ್ ಜ್ಯೂಸ್ ಇದ್ದರೆ ಕೊಡಿ’ ಎನ್ನಿ. ಕೈಯಲ್ಲೊಂದು ಲೋಟವಿದ್ದರೆ ಮತ್ತೆ ಮತ್ತೆ ಬೇಡವೆನ್ನುವ ಪ್ರಮೇಯ ಬರುವುದಿಲ್ಲ. ಕುಡಿಯದಿರುವುದಕ್ಕೆ ಕಾರಣ ವಿವರಿಸುತ್ತಾ ನಿಲ್ಲಬೇಕಾಗಿಲ್ಲ.

ನಮ್ಮ ಮದುವೆ ಆರತಕ್ಷತೆಗಳ ಹಾಗೆ ಒಂದು ಗಂಟೆ ತಡವಾಗಿ ಹೋಗಬೇಡಿ. ಕೊಡಗಿನಲ್ಲಿ ಸೇನೆಯ ಹಿನ್ನೆಲೆಯ ಕುಟುಂಬಗಳು ಬಹಳ. ಐದೂವರೆ ಎಂದರೆ ಐದೂವರೆಯೇ. ಕಿರಿಯರು ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದನ್ನು ನೋಡುತ್ತೀರಿ, ಮನೆಯ ಅಜ್ಜಿ ತಾತಂದಿರಿಗೆ ನೀವೂ ಹಾಗೆಯೇ ಮಾಡಿದರೆ ಚೆನ್ನ. ಕತ್ತಲಾದ ಮೇಲೆ ಕೊಡವ ವಾಲಗದ ಧಾಟಿ ಕೇಳಿಬಂದರೆ ವಯಸ್ಸಿನ ಭೇದವಿಲ್ಲದೆ ಎಲ್ಲರೂ ಕುಣಿಯುತ್ತಾರೆ. ಕರೆದರೆ ಹೋಗಿ. ಸುತ್ತಲಿನವರನ್ನು ನೋಡಿ ಕೈ ಬೀಸಿದರೆ ಸಾಕು, ಹೆಜ್ಜೆ ತಪ್ಪಿತೆಂದು ಎಣಿಸುವವರು ಅಲ್ಲಿಲ್ಲ.

ಉಡುಗೊರೆಗೆ ದುಬಾರಿ ಪೆಟ್ಟಿಗೆ ಹುಡುಕಬೇಡಿ. ಬೆಳಿಗ್ಗೆಯೇ ದೇವರಾಜ ಮಾರುಕಟ್ಟೆಗೆ ಹೋಗಿ ಮೈಸೂರು ಮಲ್ಲಿಗೆ, ಒಂದು ಕಟ್ಟು ವೀಳ್ಯದೆಲೆ, ಸಿಕ್ಕರೆ ನಂಜನಗೂಡು ರಸಬಾಳೆ ತನ್ನಿ. ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಒಯ್ದರೆ ಸಂಜೆಯವರೆಗೂ ಬಾಡದು. ಗೆಳತಿಯ ಅತ್ತೆ ಆ ಪೊಟ್ಟಣ ಬಿಚ್ಚಿ ಅಲ್ಲೇ ಮುಡಿದುಕೊಂಡು ಉಳಿದದ್ದನ್ನು ಬಂದವರಿಗೆಲ್ಲ ಹಂಚಿದ್ದನ್ನು ಕಂಡಿದ್ದೇನೆ.

ದಾರಿ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ. ಒಟ್ಟು ಸುಮಾರು 100 ಕಿಲೋಮೀಟರ್. ಊಟ ಮಾಡದೆ ಬಿಡುವುದಿಲ್ಲ, ಹೊರಡುವಾಗ ಹತ್ತು ದಾಟಿರುತ್ತದೆ. ಕುಶಾಲನಗರ ಮತ್ತು ಸುಂಟಿಕೊಪ್ಪದ ನಡುವೆ ಆನೆಕಾಡು ಇದೆ, ರಾತ್ರಿ ಕಾಡಾನೆಗಳು ರಸ್ತೆ ದಾಟುತ್ತವೆ. ಆದ್ದರಿಂದ ಸುಂಟಿಕೊಪ್ಪದ ಕಡೆಯೇ ಒಂದು ಕೋಣೆ ಗೊತ್ತುಮಾಡಿಕೊಳ್ಳಿ, ಭಾನುವಾರ ಬೆಳಕಿನಲ್ಲಿ ಹಿಂತಿರುಗಿ. ಚಾಲಕರನ್ನು ಕರೆದೊಯ್ಯುವುದಾದರೆ ಅವರ ಊಟಕ್ಕೂ ಮಲಗುವುದಕ್ಕೂ ಹೊರಡುವ ಮೊದಲೇ ವ್ಯವಸ್ಥೆ ಮಾಡಿಬಿಡಿ.